ಚಿಕ್ಕವಳ ಕಾಗದ, ದೊಡ್ಡವಳ ಕಾಲು

ಬಿಷ್ಕೆಕ್
5 ಮಾರ್ಚ್ 2006

ಬೆಗಾಶ್,

ನಮ್ಮೆಲ್ಲರ ಫೋನುಗಳು ತರಬೇತುದಾರ ಎಸೆನ್ ಅಗಾಯ್ ಅವರ ಮೇಜಿನ ಖಾನೆಯಲ್ಲಿವೆ. ಭಾನುವಾರ ಹತ್ತು ನಿಮಿಷ ಕೊಡುತ್ತಾರೆ, ಅದೂ ಅವರ ಎದುರಲ್ಲೇ ಮಾತಾಡಬೇಕು. ಅದಕ್ಕೇ ಈ ಪತ್ರ. ಮಿನಿಬಸ್ಸಿನ ಕೂಬಾತ್ ತಾಯೆಜೆಯ ಊಟದಂಗಡಿಗೇ ತಂದುಕೊಡುತ್ತಾನೆ.

ಬಂದು ಐದು ವಾರವಾಯಿತು. ಇಲ್ಲಿ ಎಲ್ಲರೂ ನನ್ನನ್ನು ನಿನ್ನ ಹೆಸರಲ್ಲೇ, ಬೆಗಾಯಿಮ್ ಅನ್ನುತ್ತಾರೆ. ಮೊದಮೊದಲು ಕರೆದರೆ ನಾನು ತಿರುಗುತ್ತಲೇ ಇರಲಿಲ್ಲ. ನಮ್ಮ ಗೋಲ್‌ಕೀಪರ್ ಹುಡುಗಿ, "ಇವಳಿಗೆ ಕಿವಿ ಇಲ್ಲ ಕಣ್ರೇ, ಕಾಲಿಗೆ ಒದ್ದು ಕರೀರಿ" ಅಂತ ಆಡಿಕೊಂಡು ನಕ್ಕಳು. ಈಗ ರೂಢಿಯಾಗಿದೆ. ಮೊನ್ನೆ ನಿದ್ದೆಗಣ್ಣಲ್ಲೂ ಓ ಅಂದೆನಂತೆ. ಹದಿನೆಂಟು ತುಂಬಿ ತಿಂಗಳಾಯಿತು, ಆದರೂ ಹದಿನೈದರವಳಂತೆ ಎರಡು ಜಡೆ ಹಾಕುತ್ತೇನೆ.

ಒಂದು ಮಾತು ನಿನಗೆ ಹೇಳಿರಲಿಲ್ಲ. ಜನವರಿಯ ಹಿಮದಲ್ಲಿ ಅಗಾಯ್ ನಮ್ಮೂರಿಗೆ ಬಂದದ್ದು ನಿನ್ನನ್ನು ನೋಡಲಿಕ್ಕೆ. ನಮ್ಮ ಮಾಸ್ತರರು ಹೊಗಳಿ ಬರೆದಿದ್ದು ನಿನ್ನ ಹೆಸರನ್ನೇ. ಶಾಲೆಯ ಅಂಗಳದಲ್ಲಿ ನೀನು ನಾಲ್ಕು ಜನ ಹುಡುಗರನ್ನು ಒಬ್ಬೊಬ್ಬರಾಗಿ ದಾಟಿಕೊಂಡು ಹೋದಾಗ ಅವರ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಆಮೇಲೆ ಮನೆಯಲ್ಲಿ, ನೀನು ಹಸುವಿಗೆ ಹುಲ್ಲು ಹಾಕಲು ಹೋಗಿದ್ದಾಗ, ಅವರು ಅಪಾಳಿಗೆ ಹೇಳಿದರು: "ನಿಮ್ಮಿಬ್ಬರು ಹೆಣ್ಮಕ್ಕಳಲ್ಲಿ ಚಿಕ್ಕೋಳ ಕಾಲು ಚಿನ್ನ. ಆದ್ರೆ ಮೈಯಲ್ಲಿ ಎಲುಬೇ ಇಲ್ಲ. ಹೊರಗಿನ ಹುಡುಗೀರು ಭುಜ ತಾಗಿಸಿದ್ರೆ ಹಾರಿಹೋಗ್ತಾಳೆ. ದೊಡ್ಡೋಳ್ನ ಕೊಡಿ. ಚಿಕ್ಕೋಳ ಜನನದ ಕಾಗದ ಕೊಡಿ."

"ಮತ್ತೆ ಚಿಕ್ಕೋಳು?" ಅಂದಳು ಅಪಾ.

"ದೊಡ್ಡೋಳ ಕಾಗದ ಇಟ್ಕೊಳ್ಳಲಿ. ಒಂದೇ ವರ್ಷ. ಹದಿನೇಳರೊಳಗಿನ ಪಂದ್ಯ ಮುಗಿದ್ಮೇಲೆ ಕೋಟು ಬದಲಾಯಿಸಿದ ಹಾಗೆ ಬದಲಾಯಿಸ್ಕೊಂಡ್ರಾಯ್ತು."

ಶಾಲೆ ತಪ್ಪಿತೆಂದು ನನ್ನ ಮೇಲೆ ಸಿಟ್ಟಾಗಬೇಡ. ಬೆಗಾಯಿಮ್ ಬಿಷ್ಕೆಕ್ಕಿನ ಕ್ರೀಡಾಶಾಲೆ ಸೇರಿದಳೆಂದು ದಾಖಲೆಯಾದ ಮೇಲೆ ಅದೇ ಬೆಗಾಯಿಮ್ ಊರಿನ ಒಂಬತ್ತನೇ ತರಗತಿಯಲ್ಲಿ ಕೂರುವುದು ಹೇಗೆ? ತಾಯೆಜೆ ಅಪಾಳ ಸ್ವಂತ ತಂಗಿ, ಪರಕೀಯಳಲ್ಲ. ಅಂಗಡಿಯ ಒಲೆ ಮುಂದೆ ಬೆಚ್ಚಗಾದರೂ ಇರುತ್ತೀಯ.

ಎರಡು ಜೊತೆ ಕಾಲುಚೀಲ ಕಳಿಸಿದ್ದೇನೆ. ತಂಡದವು, ಹೊಸವು.

ನಿನ್ನ ಎಜೆ,
ಐಜಿರೆಕ್


ಸಾರೀ-ಕೊರ್ಗೋನ್
2 ಏಪ್ರಿಲ್ 2006

ಎಜೆ,

ಕಾಲುಚೀಲ ಬಂದವು. ನನಗೆ ದೊಡ್ಡವು.

ಅಗಾಯ್ ಹೇಳಿದ್ದು ನನಗೆ ಅವತ್ತೇ ಕೇಳಿಸಿತ್ತು. ಕೊಟ್ಟಿಗೆ ಏನು ಬಹಳ ದೂರವೇ? ಅಂದಿನಿಂದ ಎಲುಬು ಬೆಳೆಯಲೆಂದು ದಿನಾ ಒಂದು ಹಿಡಿ ಒಣಮೊಸರಿನ ಉಂಡೆ ತಿನ್ನುತ್ತಿದ್ದೇನೆ. ಹಲ್ಲು ನೋಯುತ್ತಿದೆ, ಮೈ ಹಾಗೇ ಇದೆ.

ಬೆಳಿಗ್ಗೆಯಿಂದ ಹಿಟ್ಟು ಲಟ್ಟಿಸಿ ಮಾಂಸ ತುಂಬಿ ಮಂತಿ ಕಡುಬು ಕಟ್ಟುತ್ತೇನೆ. ದಿನಕ್ಕೆ ಮುನ್ನೂರು. ತಾಯೆಜೆ ಒಳ್ಳೆಯವಳೇ, ಆದರೆ ಗಿರಾಕಿಗಳ ಮುಂದೆ ನನ್ನನ್ನು ಬೆಗಾಯಿಮ್ ಅಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಇಲ್ಲಿ ನಮ್ಮೂರಿನವರು ಯಾರೂ ಬರುವುದಿಲ್ಲ. ಎಲ್ಲರಿಗೂ ನಾನು ಐಜಿರೆಕ್. ನಿನ್ನ ಪಾಸ್‌ಪೋರ್ಟ್ ಚಹಾ ಡಬ್ಬಿಯ ಕೆಳಗಿದೆ. ಅದರಲ್ಲಿರುವ ನಿನ್ನ ಫೋಟೋ ನೋಡಿದವರೆಲ್ಲ ನಾನೇ ಅನ್ನುತ್ತಾರೆ.

ಕಲ್ಲಿದ್ದಲು ಲಾರಿಯ ಚಾಲಕನೊಬ್ಬ ಬರುತ್ತಾನೆ, ದೋಲೋತ್ ಅಂತ. ಆಕ್-ದೋಬೋದವನು. ಒಂದೇ ತಟ್ಟೆ ಮಂತಿ ತಿನ್ನಲು ಒಂದು ಗಂಟೆ ಕೂರುತ್ತಾನೆ. ಮೊನ್ನೆ ತಾಯೆಜೆಯನ್ನು ಕೇಳಿದ: "ಇವಳಿಗೆಷ್ಟು ವಯಸ್ಸು?"

"ಹದಿನೆಂಟು. ಬೇಕಾದ್ರೆ ಪಾಸ್‌ಪೋರ್ಟ್ ನೋಡು" ಅಂದಳು ತಾಯೆಜೆ.

ಅವನು ನೋಡಿದ. ಹಾಗೆ ಯಾಕೆ ತೋರಿಸಿದೆ ಅಂದರೆ, "ಯಾರಾದ್ರೂ ಅನುಮಾನ ಪಟ್ರೆ ನಿಮ್ಮಕ್ಕನ ಕತೆ ಮುಗೀತು, ತೋರಿಸೋದೇ ಒಳ್ಳೇದು" ಅನ್ನುತ್ತಾಳೆ.

ಒಂದು ವರ್ಷ ಅಂದರೆ ಜನವರಿಯಿಂದ ಜನವರಿಗೋ, ಪಂದ್ಯ ಮುಗಿಯುವವರೆಗೋ? ಸರಿಯಾಗಿ ಕೇಳಿ ಬರೆ.

ಬೆಗಾಯಿಮ್
(ಲಕೋಟೆಯ ಮೇಲೆ ಐಜಿರೆಕ್ ಅಂತ ಇರುತ್ತದೆ, ತಾಯೆಜೆ ಹಾಗೇ ಬರೆಸಿದಳು)


ಬಿಷ್ಕೆಕ್
28 ಏಪ್ರಿಲ್ 2006

ಬೆಗಾಶ್,

ಆಯ್ಕೆಯಾದೆ. ಜೂನ್ ಎಂಟರಿಂದ ಹದಿನಾಲ್ಕರವರೆಗೆ ತಾಷ್ಕೆಂಟಿನಲ್ಲಿ ಪಂದ್ಯ. ನನಗೆ ಆರನೇ ಸಂಖ್ಯೆಯ ಅಂಗಿ. ಮಧ್ಯದಲ್ಲಿ ಆಡುತ್ತೇನೆ.

ಇಲ್ಲಿ ಊಟದ ಕೋಣೆಯಲ್ಲಿ ಹಿಂದಿನ ತಂಡದ ಫೋಟೋ ತೂಗುಹಾಕಿದ್ದಾರೆ. ಹದಿನಾರು ಗೋಲು ತಿಂದು ಬಂದವರು. ನಮ್ಮ ದೇಶದ ಹುಡುಗಿಯರು ಹೊರಗೆ ಹೋಗಿ ಇದುವರೆಗೆ ಒಂದು ಅಂಕವನ್ನೂ ತಂದಿಲ್ಲ. ಓಟ ನಿಧಾನವಾದರೆ ಅಗಾಯ್ ಆ ಫೋಟೋದ ಮುಂದೆ ನಿಲ್ಲಿಸಿ ಅನ್ನುತ್ತಾರೆ: "ನಿಮ್ಮನ್ನ ಗೆಲ್ಲೋಕೆ ಯಾರೂ ಕರೆದಿಲ್ಲ. ಬೆರಳಲ್ಲಿ ಎಣಿಸೋವಷ್ಟರಲ್ಲಿ ಸೋತು ಬನ್ನಿ, ಸಾಕು." ಆದರೂ ನನಗೆ ಒಳಗೊಳಗೇ ಅನ್ನಿಸುತ್ತದೆ, ಒಂದು ಅಂಕ ತಂದೇವು ಅಂತ.

ಒಂದೇ ಭಯ. ಅಲ್ಲಿ ಕೆಲವರ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬು ನೋಡಿ ವಯಸ್ಸು ಹೇಳುತ್ತಾರಂತೆ. ಚೀಟಿ ಎತ್ತಿ ಆರಿಸುತ್ತಾರಂತೆ. ನಮ್ಮ ತಂಡದಲ್ಲಿ ನನ್ನಂಥ ಅಕ್ಕಂದಿರು ಇನ್ನೂ ಇಬ್ಬರಿದ್ದಾರೆ. ಯಾರೆಂದು ಬಾಯಿ ಬಿಟ್ಟು ಯಾರೂ ಹೇಳಿಲ್ಲ, ಆದರೆ ಎಕ್ಸ್-ರೇ ಅಂದಾಗ ಮೂವರೂ ಒಟ್ಟಿಗೇ ಕೈ ಜೇಬಿಗಿಟ್ಟೆವು.

ಲಾರಿಯವನು ಕೇಳಿದರೆ ಹದಿನೆಂಟು ಅಂತಲೇ ಹೇಳು. ಜಾಸ್ತಿ ಮಂತಿ ತಿನ್ನಲಿ ಬಿಡು, ತಾಯೆಜೆಗೆ ಲಾಭ. ನಿನ್ನ ಹೆಸರನ್ನು ನಾನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ.

ಐಜಿರೆಕ್


ಆಕ್-ದೋಬೋ
30 ಮೇ 2006

ಎಜೆ,

ಇದು ಹಿಟ್ಟಿನ ಚೀಲದ ಕಾಗದ. ಅಕ್ಷರ ಒಡೆದರೆ ಹೊಂದಿಸಿಕೊಂಡು ಓದು.

ಶನಿವಾರ ಪಾತ್ರೆ ತೊಳೆದ ನೀರು ಚೆಲ್ಲಲು ಅಂಗಡಿಯ ಹಿಂದೆ ಹೋದೆ. ದೋಲೋತ್ ಮತ್ತು ಅವನ ಮೂವರು ಗೆಳೆಯರು ಕಾರು ತಂದಿದ್ದರು. ಬಕೆಟ್ಟಿನಿಂದ ಒಬ್ಬನ ಬಾಯಿಗೆ ಹೊಡೆದೆ, ಹಲ್ಲು ಬಿತ್ತು. ಅವನು ಬೈಯಲಿಲ್ಲ, ನಕ್ಕ. ಕಾರಿನಲ್ಲಿ ಎಲ್ಲರೂ ನಗುತ್ತಲೇ ಇದ್ದರು, ಮದುವೆ ದಿಬ್ಬಣದಲ್ಲಿ ನಗುವ ಹಾಗೆ.

ಈಗ ಅವರ ಮನೆಯಲ್ಲಿ ಪರದೆಯ ಹಿಂದೆ ಕೂರಿಸಿದ್ದಾರೆ. ಹೆಂಗಸರು ಮದುವಣಗಿತ್ತಿಯ ಬಿಳಿ ವಸ್ತ್ರ ತಂದು ತಲೆಗೆ ಕಟ್ಟುತ್ತಾರೆ, ನಾನು ಕಿತ್ತು ಎಸೆಯುತ್ತೇನೆ, ಮತ್ತೆ ಕಟ್ಟುತ್ತಾರೆ. ಓಡಿಹೋಗಬಾರದೆಂದು ದೋಲೋತನ ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿದ್ದಾಳೆ. ಮುದುಕಿಯನ್ನು ದಾಟಿದರೆ ಶಾಪ ಅಂತಾರಲ್ಲ. ನನಗೆ ಹದಿನೈದು ಅಂದೆ. ಅವನ ಅತ್ತಿಗೆ, "ಬಂದ ದಿನ ನಾನು ಹನ್ನೆರಡು ಅಂದಿದ್ದೆ. ಕೂತ್ಕೊಳ್ಳೇ, ಎಲ್ಲರೂ ಏನೋ ಒಂದು ಹೇಳ್ತಾರೆ" ಅಂದಳು. ನಿನ್ನ ಪಾಸ್‌ಪೋರ್ಟನ್ನು ತಾಯೆಜೆ ಇವರ ಕೈಗೆ ಕೊಟ್ಟುಬಿಟ್ಟಿದ್ದಾಳೆ.

ನಿನ್ನೆ ಅಪಾ ಬಂದಳು. ಜೊತೆಗೆ ಒಬ್ಬ ಪೋಲೀಸಪ್ಪನೂ ಬಂದ. ಅಪಾ ನನ್ನ ಮುಖ ನೋಡಲಿಲ್ಲ. ದೋಲೋತನ ತಾಯಿ ರೊಟ್ಟಿ ತಂದಿಟ್ಟಳು. ಅಪಾ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಅಲ್ಲಿಗೆ ಒಪ್ಪಿದ ಹಾಗಾಯಿತು.

ಪೋಲೀಸಪ್ಪ ಒಳ್ಳೆಯವನು. ನನ್ನನ್ನು ಬದಿಗೆ ಕರೆದ. ಎಲ್ಲ ಹೇಳಿದೆ. ಅವನು ಹೇಳಿದ: "ನೋಡಮ್ಮ, ಹದಿನೈದಾದ್ರೆ ಇದು ಅಪರಾಧ. ಹದಿನೆಂಟಾದ್ರೆ ಇವರು ಪದ್ಧತಿ ಅಂತಾರೆ. ಕಾಗದ ಹದಿನೆಂಟು ಅನ್ನುತ್ತೆ, ತಾಯಿ ಸುಮ್ಮನಿದಾಳೆ. ನಿಜವಾದ ಐಜಿರೆಕ್ ಎಲ್ಲಿ? ಅವಳು ಬಂದು ನನ್ನೆದುರು ನಿಲ್ಲಲಿ, ಇಲ್ಲಾ ಬರೆದು ಮೊಹರು ಹಾಕಿಸಿ ಕಳಿಸಲಿ. ಆ ಕ್ಷಣ ಜೀಪ್ ತರ್ತೀನಿ."

ಈ ಪತ್ರವನ್ನು ಅವನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಕೂಬಾತ್‌ಗೆ ಕೊಡುತ್ತಾನೆ.

ದೋಲೋತನ ತಂದೆ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದಾನೆ. ಅವನು ಬಾರದೆ ನಿಕಾಹ್ ಇಲ್ಲ. ಜೂನ್ ಹತ್ತಕ್ಕೆ ಬರುತ್ತಾನಂತೆ. ಅಲ್ಲಿಯವರೆಗೆ ನಾನು ಅವನ ತಾಯಿಯ ಪಕ್ಕ ಮಲಗುತ್ತೇನೆ. ಹತ್ತರ ಒಳಗೆ ಬಾ, ಎಜೆ. ನೀನು ಬರುವುದು ಬೇಡದಿದ್ದರೆ ಒಂದು ಕಾಗದ ಸಾಕು.

ಬೆಗಾಯಿಮ್


ಬಿಷ್ಕೆಕ್
3 ಜೂನ್ 2006

ಬೆಗಾಶ್,

ನಿನ್ನ ಕಾಗದ ಹಿಡಿದುಕೊಂಡು ಅಗಾಯ್ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಮೆಲ್ಲಗೆ ಮಾತಾಡಿದರು.

"ಹೋಗು, ತಡೆಯಲ್ಲ. ಆದ್ರೆ ನೀನೊಬ್ಬಳೇ ಹೋಗಲ್ಲ, ಹದಿನೆಂಟು ಜನಾನೂ ಎಳ್ಕೊಂಡು ಹೋಗ್ತೀಯ. ತಂಡಾನೇ ಹೊರಗೆ ಹಾಕ್ತಾರೆ. ಆ ಗೋಲ್‌ಕೀಪರ್ ಹುಡುಗಿ ಅನಾಥಾಶ್ರಮದಿಂದ ಬಂದೋಳು, ಅವಳಿಗೆ ನೀನೇ ಹೇಳು, ತಾಷ್ಕೆಂಟ್ ಇಲ್ಲ ಅಂತ. ಸುಳ್ಳು ಕಾಗದ ಕೊಟ್ಟಿದ್ದಕ್ಕೆ ನಿಮ್ಮಮ್ಮನ ಮೇಲೂ ಕೇಸಾಗುತ್ತೆ. ಅದರ ಬದಲು ಹದಿನಾಲ್ಕಕ್ಕೆ ಪಂದ್ಯ ಮುಗೀಲಿ. ಹದಿನೈದಕ್ಕೆ ನಾನೇ ನನ್ನ ಕಾರಲ್ಲಿ ನಿನ್ನ ಕರ್ಕೊಂಡು ಹೋಗ್ತೀನಿ. ಯಾರಿಗೂ ಗೊತ್ತಾಗದ ಹಾಗೆ ತಂಗೀನ ತರೋಣ."

ನನಗೆ ಇದೇ ಸರಿ ಅನ್ನಿಸಿತು. ಗೋಲ್‌ಕೀಪರ್ ಹಾಸಿಗೆಯ ಮೇಲೆ ಪ್ರಯಾಣದ ಚೀಲ ಆಗಲೇ ಕಟ್ಟಿಟ್ಟಿದ್ದಾಳೆ. ಅವಳ ಮುಖ ನೋಡಿ ನಾನೂ ನನ್ನ ಚೀಲ ಕಟ್ಟಿಟ್ಟೆ.

ಹದಿನೈದರ ಮಧ್ಯಾಹ್ನ ಆಕ್-ದೋಬೋದ ಬಸ್ ನಿಲ್ದಾಣದಲ್ಲಿರುತ್ತೇನೆ. ಅವನ ತಂದೆ ಹತ್ತಕ್ಕೇ ಬಂದರೆ ಜ್ವರ ಅನ್ನು, ಹೊಟ್ಟೆನೋವು ಅನ್ನು, ಏನಾದರೂ ಹೇಳಿ ಮುಂದೂಡು. ಸಣ್ಣವಳಿದ್ದಾಗ ಶಾಲೆ ತಪ್ಪಿಸಲು ನಿನಗೆ ನೂರು ಉಪಾಯ ಬರುತ್ತಿತ್ತು.

ಹನ್ನೆರಡು ದಿನ, ಅಷ್ಟೇ.

ಐಜಿರೆಕ್


ತಾಷ್ಕೆಂಟ್
15 ಜೂನ್ 2006

ಬೆಗಾಶ್,

ಇವತ್ತು ಹದಿನೈದು ಅಂತ ನನಗೆ ಗೊತ್ತಿದೆ. ಬೆಳಿಗ್ಗೆಯಿಂದ ಅದೊಂದೇ ಗೊತ್ತಿದೆ.

ಮೊದಲ ಪಂದ್ಯ ಆತಿಥೇಯರ ಮೇಲೆ, ಏಳು ಗೋಲು ತಿಂದೆವು. ಎರಡನೆಯದರಲ್ಲಿ ನಾಲ್ಕು. ಜನ ನಮ್ಮನ್ನು ನೋಡಿ ಶಿಳ್ಳೆ ಹಾಕಲೂ ಇಲ್ಲ, ಕರುಣೆಯಿಂದ ಚಪ್ಪಾಳೆ ತಟ್ಟಿದರು. ಅದು ಶಿಳ್ಳೆಗಿಂತ ಕೆಟ್ಟದ್ದು. ಮೂರನೆಯವರು ನಮ್ಮಷ್ಟೇ ಚಿಕ್ಕ ದೇಶದವರು, ಯಾವುದೋ ಸಮುದ್ರದ ದ್ವೀಪದ ಹುಡುಗಿಯರು. ಅವರೂ ನಮ್ಮ ಹಾಗೇ ಹೆದರಿದ್ದರು. ಅವರು ಒಂದು ಹೊಡೆದರು. ಕೊನೆಗೆ ಎಂಟು ನಿಮಿಷ ಉಳಿದಾಗ ಚೆಂಡು ಯಾರದೋ ಮೊಣಕಾಲಿಗೆ ತಾಗಿ ನನ್ನ ಮುಂದೆ ಬಂತು. ಒದ್ದೆ. ಹೋಯಿತು. ಒಂದಕ್ಕೊಂದು. ನಮ್ಮ ದೇಶದ ಹುಡುಗಿಯರ ಮೊದಲ ಅಂಕ. ಅಗಾಯ್ ಮೈದಾನದಲ್ಲಿ ಕೂತು ಮಗುವಿನ ಹಾಗೆ ಅತ್ತರು. ಎಕ್ಸ್-ರೇಗೆ ಚೀಟಿ ಎತ್ತಿದಾಗ ನನ್ನ ಸಂಖ್ಯೆ ಬರಲಿಲ್ಲ.

ಪತ್ರಿಕೆಯವರು ಬಂದು ಹೆಸರು ಕೇಳಿದರು. ಬೆಗಾಯಿಮ್ ಅಂದೆ. ವಯಸ್ಸು? ಹದಿನೈದು ಅಂದೆ.

ಇವತ್ತು ಹೊರಡುವವರಿದ್ದೆವು. ಆದರೆ ರಾಯಭಾರಿಯವರು ತಂಡವನ್ನು ಊಟಕ್ಕೆ ಕರೆದಿದ್ದಾರೆ. "ಗೋಲು ಹೊಡೆದೋಳೇ ಇಲ್ಲದಿದ್ರೆ ಏನಂತ ಹೇಳ್ಲಿ?" ಅಂದರು ಅಗಾಯ್. ಹದಿನೆಂಟಕ್ಕೆ ಬಿಷ್ಕೆಕ್ಕಿನಲ್ಲಿ ಇನ್ನೊಂದು ಸಮಾರಂಭವಿದೆ. ಮತ್ತೆ ಸೆಪ್ಟೆಂಬರಿನಲ್ಲಿ ಇನ್ನೊಂದು ಪಂದ್ಯಾವಳಿಗೆ ಕರೆ ಬರಬಹುದಂತೆ.

ನೀನು ನಿಲ್ದಾಣಕ್ಕೆ ಬಂದಿರುವುದಿಲ್ಲ, ಅಲ್ಲವೇ? ಅವರು ನಿನ್ನನ್ನು ಅಷ್ಟು ಸುಲಭವಾಗಿ ಹೊರಗೆ ಬಿಟ್ಟಿರಲಾರರು. ಬಿಡದೇ ಇರಲಿ ಎಂದು ಬೆಳಿಗ್ಗೆಯಿಂದ ಬೇಡಿಕೊಳ್ಳುತ್ತಿದ್ದೇನೆ.

ಐಜಿರೆಕ್


ಊಚ್-ಕಯಿಂಗ್
20 ಆಗಸ್ಟ್ 2006

ಐಜಿರೆಕ್,

ನೀನು ಕಳಿಸಿದ ಪತ್ರಿಕೆ ಬಂತು. ಗೋಡೆಗೆ ಅಂಟಿಸಲಿಲ್ಲ. ಹಿಟ್ಟಿನ ಡಬ್ಬಿಯ ತಳಕ್ಕೆ ಹಾಸಿದ್ದೇನೆ.

ತಂಗಿ ಉತ್ತರ ಬರೆಯುತ್ತಿಲ್ಲ ಎಂದು ಮೂರು ಸಲ ಬರೆದಿದ್ದೀಯ. ನಾನೇ ಹೇಳುತ್ತೇನೆ, ಒಮ್ಮೆ ತಿಳಿದುಕೋ, ಮತ್ತೆ ಕೇಳಬೇಡ.

ದೋಲೋತನ ತಂದೆ ಹತ್ತಕ್ಕೆ ಬಂದ. ಅವಳು ಹೊಟ್ಟೆನೋವು ಅಂದಳು. ಬಿಸಿ ಸಾರು ಕುಡಿಸಿ ಹನ್ನೊಂದಕ್ಕೆ ನಿಕಾಹ್ ಮಾಡಿದರು. ಹದಿನೈದರ ಬೆಳಿಗ್ಗೆ ಅವಳು ಹೊಸ್ತಿಲಲ್ಲಿದ್ದ ಮುದುಕಿಯನ್ನು ದಾಟಿ ನಿಲ್ದಾಣಕ್ಕೆ ಓಡಿದಳಂತೆ. ಆ ಮನೆಯವರು ಹಿಡಿಯಲಿಲ್ಲ, ಹೊಡೆಯಲೂ ಇಲ್ಲ. ಐದು ಬಸ್ಸು ಬಂದು ಹೋದವು. ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದಳು. ಕೊನೆಗೆ ಅವಳ ಅತ್ತೆ ಹೋಗಿ ಪಕ್ಕದಲ್ಲಿ ಕೂತು, "ಯಾರೂ ಬರಲ್ಲ ಕಣೇ. ನಾನೂ ಹೀಗೇ ಕೂತಿದ್ದೆ, ನನಗೂ ಯಾರೂ ಬರಲಿಲ್ಲ" ಅಂದಳಂತೆ. ಇಬ್ಬರೂ ಎದ್ದು ಮನೆಗೆ ಹೋದರು. ಅಂದಿನಿಂದ ತಲೆವಸ್ತ್ರ ತಾನೇ ಕಟ್ಟಿಕೊಳ್ಳುತ್ತಾಳೆ.

ನಾನು ಯಾಕೆ ರೊಟ್ಟಿ ಮುರಿದೆ ಎಂದು ನೀನು ಕೇಳಿಲ್ಲ. ಕೇಳುವ ಮುಖ ನಿನಗಿಲ್ಲ, ಗೊತ್ತು. ಮುರಿಯದಿದ್ದರೆ ಅವಳು ಯಾರೆಂದು ಹೇಳಬೇಕಾಗಿತ್ತು. ಹೇಳಿದರೆ ನೀನು ಯಾರೆಂದು ಕೇಳುತ್ತಿದ್ದರು. ನೀನು ಆಗಲೇ ಹೊರಗೆ ಹೋಗಿದ್ದೆ. ಒಬ್ಬಳಾದರೂ ಹೊರಗಿರಲಿ ಅಂದುಕೊಂಡೆ. ಕಾಲು ಮುರಿದ ಕುರಿಯನ್ನು ಬಿಟ್ಟು ಹಿಂಡು ನಡೆಸುವ ಹಾಗೆ. ತಾಯಿ ಹೀಗೆ ಲೆಕ್ಕ ಹಾಕಬಾರದು. ಹಾಕಿದೆ.

ಅವಳಿಗೆ ವಾಂತಿ ಶುರುವಾಗಿದೆ. ಈಗ ಬಂದು ಏನನ್ನೂ ಕೆದಕಬೇಡ.

ಅಪಾ


ಬಿಷ್ಕೆಕ್
12 ನವೆಂಬರ್ 2006

ಬೆಗಾಶ್,

ಅಪಾ ಬೇಡ ಅಂದರೂ ಬಂದೆ. ಬಂದಿದ್ದಕ್ಕೆ ಏನಾಯಿತೆಂದು ನಿನಗೇ ಗೊತ್ತು. ಆದರೂ ಬರೆಯದೆ ಇರಲಾರೆ.

ನಿನ್ನ ಅತ್ತೆ ಪತ್ರಿಕೆಯಲ್ಲಿ ಬಂದ ಹುಡುಗಿ ಎಂದು ನನ್ನನ್ನು ಮೇಲಿನ ಹಾಸಿನ ಮೇಲೆ ಕೂರಿಸಿದಳು. ನೀನು ಚಹಾ ತಂದೆ. ಎಲ್ಲರೆದುರು, "ಬಾ ತಂಗಿ, ದಾರಿ ಚೆನ್ನಾಗಿತ್ತಾ?" ಅಂದೆ. ನಾನು ಎಜೆ ಅನ್ನಬೇಕಾಯಿತು ನಿನಗೆ. ದೋಲೋತ್ ನಗುತ್ತಾ, "ಅಕ್ಕನಿಗಿಂತ ತಂಗಿ ಒಂದು ಗೇಣು ಎತ್ತರ ಇದಾಳಲ್ಲ, ಏನು ತಿನ್ನಿಸ್ತಾರೆ ಬಿಷ್ಕೆಕ್ಕಲ್ಲಿ?" ಅಂದ. ನೀನೂ ನಕ್ಕೆ. ಆ ನಗು ನನಗೆ ಗೊತ್ತಿರುವುದಲ್ಲ.

ಕೊಟ್ಟಿಗೆಯ ಹತ್ತಿರ ನಿನ್ನ ಕೈ ಹಿಡಿದು, "ಈಗಲೇ ಹೋಗೋಣ ನಡಿ" ಅಂದೆ. ನೀನು ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದೆ: "ಇದನ್ನ ಯಾರ ಹೆಸರಲ್ಲಿ ಕರ್ಕೊಂಡು ಹೋಗ್ತೀಯ?"

ನೀನು ಹಾಲಿನ ಬಕೆಟ್ ಎತ್ತಿಕೊಂಡು ಒಳಗೆ ಹೋದೆ.

ಐಜಿರೆಕ್


ಬಿಷ್ಕೆಕ್
6 ಜೂನ್ 2007

ಬೆಗಾಯಿಮ್,

ಹೇಳಿಬಿಟ್ಟೆ. ಎಲ್ಲವನ್ನೂ, ಬರೆದು, ಸಹಿ ಮಾಡಿ.

ನಿನಗೋಸ್ಕರ ಹೇಳಿದೆ ಎಂದು ಈ ಪತ್ರದಲ್ಲಿ ಬರೆಯಬೇಕೆಂದಿದ್ದೆ. ಒಮ್ಮೆ ಬರೆದು ಹರಿದೆ. ನಡೆದದ್ದು ಬೇರೆ. ಏಪ್ರಿಲಿನಲ್ಲಿ ಅಗಾಯ್ ನನ್ನನ್ನು ಕರೆದು, "ನಿನ್ನ ಮುಖದಲ್ಲಿ ವಯಸ್ಸು ಕಾಣ್ತಿದೆ. ಇನ್ನು ಸಾಕು" ಅಂದರು. ನನ್ನ ಆರನೇ ಸಂಖ್ಯೆಯ ಅಂಗಿ ಓಶ್ ಕಡೆಯ ಒಬ್ಬಳಿಗೆ ಹೋಯಿತು. ಅವಳೂ ಯಾರದೋ ಅಕ್ಕನೇ. ಕಾಗದ ಬದಲಾಯಿಸಿಕೊಡಿ ಅಂದೆ. "ಯಾವ ಕಾಗದ?" ಅಂದರು. ಮರುದಿನವೇ ಅವರಿಗಾಗದ ಇನ್ನೊಬ್ಬ ತರಬೇತುದಾರರ ಮನೆಗೆ ಹೋದೆ. ಅವರು ಚಹಾ ಕೊಟ್ಟು, ಬಿಸ್ಕತ್ತು ಕೊಟ್ಟು, ಬರೆಸಿಕೊಂಡರು. ಒಂದು ವರ್ಷದ ಹಿಂದೆ ನಿನಗಾಗಿ ಬರೆಯದ ಕಾಗದವನ್ನು ನನ್ನ ಸಿಟ್ಟಿಗೆ ಬರೆದೆ.

ಅಗಾಯ್ ಕೆಲಸ ಹೋಯಿತು. ತಾಷ್ಕೆಂಟಿನ ಆ ಒಂದು ಅಂಕವನ್ನೂ ದಾಖಲೆಯಿಂದ ಹೊಡೆದುಹಾಕಿದರು. ಗೋಲ್‌ಕೀಪರ್ ಹುಡುಗಿ ಬಸ್ ನಿಲ್ದಾಣದವರೆಗೆ ಹಿಂದೆ ಬಂದು ನನ್ನ ಮುಖಕ್ಕೆ ಉಗಿದಳು. ಅಪಾಳ ಮೇಲೆ ಕೇಸಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟರು. ಹಾಗಾದರೆ ಅವತ್ತೂ ಅಷ್ಟೇ ಆಗುತ್ತಿತ್ತು. ನಾನೀಗ ದೊಡ್ಡ ಬಜಾರಿನಲ್ಲಿ ಚಪ್ಪಲಿಯ ಮೂಟೆ ಇಳಿಸುತ್ತೇನೆ.

ಇದರ ಜೊತೆ ಮೊಹರು ಹಾಕಿದ ಕಾಗದವಿದೆ. ಅದರಲ್ಲಿ ನಾನು ಐಜಿರೆಕ್, ನೀನು ಬೆಗಾಯಿಮ್, ನಿನಗೆ ಹದಿನಾರು. ಆ ಪೋಲೀಸಪ್ಪ ಇನ್ನೂ ಅಲ್ಲೇ ಇದ್ದಾನೆ, ವಿಚಾರಿಸಿದ್ದೇನೆ. ನೀನು ಸಹಿ ಹಾಕಿದರೆ ಸಾಕು. ಮಗುವಿಗೆ ಮೂರು ತಿಂಗಳು ತುಂಬುತ್ತಾ ಬಂತೆಂದು ಅಪಾ ಬರೆದಿದ್ದಳು. ಹೆಣ್ಣಂತೆ. ಹೆಸರು ಬರೆದಿರಲಿಲ್ಲ.

ಐಜಿರೆಕ್


ಊಚ್-ಕಯಿಂಗ್
7 ಅಕ್ಟೋಬರ್ 2007

ಐಜಿರೆಕ್,

ಸಹಿ ಹಾಕಿದೆ. ನೀನು ಕಳಿಸಿದ ದಿನ ಅಲ್ಲ. ಎರಡು ತಿಂಗಳು ಅದನ್ನು ತೊಟ್ಟಿಲ ಹಾಸಿಗೆಯ ಕೆಳಗಿಟ್ಟುಕೊಂಡಿದ್ದೆ. ಒಂದು ದಿನ ದೋಲೋತನ ಅತ್ತಿಗೆ ಹಾಸಿಗೆ ಒಣಹಾಕುವಾಗ ಸಿಕ್ಕಿತು. ಅವಳು ಓದಿ ಕೂಗುವ ಮೊದಲು ನಾನೇ ಪೆನ್ನು ತಂದು ಎಲ್ಲರೆದುರು ಸಹಿ ಹಾಕಿದೆ.

ದೋಲೋತ್ ಅತ್ತ. "ನನಗ್ಯಾರೂ ಹೇಳ್ಲಿಲ್ಲ. ಪಾಸ್‌ಪೋರ್ಟ್ ನೋಡ್ದೆ ನಾನು, ಕಣ್ಣಾರೆ ನೋಡ್ದೆ" ಅಂದ. ನಾನು ಹೇಳಿದ್ದೆ. ಮೊದಲ ದಿನ ಹೇಳಿದೆ, ಹನ್ನೊಂದನೇ ತಾರೀಕೂ ಹೇಳಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಮರೆತಿದ್ದ.

ಪೋಲೀಸಪ್ಪ ಜೀಪ್ ತಂದ. ಅದಕ್ಕೂ ಮೊದಲು ಎರಡೂ ಊರಿನ ಹಿರಿಯರು ಬಂದು ಕುರಿ ಕಡಿದು ಕೂತು ಮಾತಾಡಿದರು. ನಾನು ದೂರು ಕೊಡಬಾರದು, ಅವರು ನನ್ನನ್ನು ಬಿಡಬೇಕು. ಮಗು ಅವರದ್ದು. "ಹೆಣ್ಣಾದ್ರೂ ನಮ್ಮ ವಂಶದ ಎಲುಬು, ಹೊರಗೆ ಹೋಗಲ್ಲ" ಅಂದ ಮಾವ. ಅಪಾ ತಲೆಯಾಡಿಸಿದಳು. ಪೋಲೀಸಪ್ಪ ಏನೋ ಹೇಳಲು ಬಾಯಿ ತೆರೆದ. ಅವನ ಮುಂದೆ ಕುರಿಯ ತಲೆಯ ಮಾಂಸ ಇಟ್ಟರು, ಅದು ಮರ್ಯಾದೆ. ತಿಂದ.

ಇರಬಹುದಿತ್ತು ನಾನು. ಅತ್ತೆ ಕೆಟ್ಟವಳಲ್ಲ. ಇದ್ದಿದ್ದರೆ ಮಗು ಕೈಯಲ್ಲಿರುತ್ತಿತ್ತು. ಅದನ್ನೇ ಎಲ್ಲರೂ ಕೇಳುತ್ತಾರೆ, ಹೇಗೆ ಬಿಟ್ಟು ಬಂದೆ ಅಂತ. ಹೇಳಲು ನನಗೆ ಬರುವುದಿಲ್ಲ. ಸಹಿ ಹಾಕುವಾಗ ಒಂದೂವರೆ ವರ್ಷದ ಮೇಲೆ ನನ್ನ ಹೆಸರನ್ನು ನಾನೇ ಬರೆದೆ. ಆಮೇಲೆ ಅಲ್ಲಿರಲು ಆಗಲಿಲ್ಲ.

ಶಾಲೆಯಲ್ಲಿ ಮತ್ತೆ ಒಂಬತ್ತನೇ ತರಗತಿಗೆ ಸೇರಿಸಿಕೊಂಡಿದ್ದಾರೆ. ನನ್ನ ಓರಗೆಯವರು ಮುಂದೆ ಹೋದರು, ಜೊತೆಯಲ್ಲಿರುವವರು ಚಿಕ್ಕವರು. ಹಾಲು ಇನ್ನೂ ಪೂರ್ತಿ ನಿಂತಿಲ್ಲ. ಮೂರನೇ ಪಾಠದ ಹೊತ್ತಿಗೆ ಸೆಕೆಯಿದ್ದರೂ ಸ್ವೆಟರ್ ಹಾಕಿಕೊಳ್ಳುತ್ತೇನೆ. ಹಿಂದಿನ ಬೆಂಚಿನ ಹುಡುಗನೊಬ್ಬ "ಅಮ್ಮಾ, ಪೆನ್ಸಿಲ್ ಕೊಡಮ್ಮಾ" ಅಂದ. ಎಲ್ಲರೂ ನಕ್ಕರು. ಕೊಟ್ಟೆ.

ಕಳೆದ ವಾರ ರಾಜಧಾನಿಯಿಂದ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ವಯಸ್ಸು ಮುಚ್ಚಿಟ್ಟು ಆಡಿದ್ದಕ್ಕಾಗಿ ಬೆಗಾಯಿಮ್ ಎರಡು ವರ್ಷ ಯಾವ ಪಂದ್ಯದಲ್ಲೂ ಆಡುವಂತಿಲ್ಲವಂತೆ. ಮಾಸ್ತರರು ಓದಿ, "ತಪ್ಪು ಹುಡುಗಿಗೆ ಕಳಿಸಿದಾರೆ, ನಾನು ಬರೀತೀನಿ" ಅಂದರು. ಬೇಡ ಅಂದೆ. ಹೆರಿಗೆಯಲ್ಲಿ ಸೊಂಟದ ಮೂಳೆ ಸರಿದಿದೆ. ನಡೆಯುತ್ತೇನೆ, ಓಡಲಾಗುವುದಿಲ್ಲ.

ಭಾನುವಾರ ಸಾರೀ-ಕೊರ್ಗೋನಿನಲ್ಲಿ ಕುರಿಸಂತೆ. ಮಾವನಿಗೆ ತಿಳಿಯದಂತೆ ಅತ್ತೆ ಮಗುವನ್ನು ಎತ್ತಿಕೊಂಡು ಬರುತ್ತಾಳೆ, ಹುಲ್ಲು ಮಾರುವವರ ಹಿಂದೆ ನಿಂತಿರುತ್ತಾಳೆ. ಅರ್ಧ ಗಂಟೆ ಸಿಗುತ್ತದೆ. ಮೊದಲ ಎರಡು ವಾರ ಮಗು ನನ್ನ ಕೈಗೆ ಬಂತು. ಇವತ್ತು ಕೈ ಚಾಚಿದರೆ ಬೆದರಿ ಅತ್ತೆಯ ಕುತ್ತಿಗೆಗೆ ಮುಖ ಒತ್ತಿ ಅತ್ತಿತು. ಅತ್ತೆ ಬೆನ್ನು ತಟ್ಟಿ, "ಅಳಬೇಡ ಚಿನ್ನ, ಇವರು ಯಾರೂ ಅಲ್ಲ, ಹೋಗ್ತಾರೆ" ಅಂದಳು. ಸಮಾಧಾನ ಮಾಡಲೆಂದು ಅಂದಳು, ಬೇರೆ ಉದ್ದೇಶವಿರಲಿಲ್ಲ. ಅಂದಮೇಲೆ ನನ್ನ ಮುಖ ನೋಡಿದಳು.

ಮಗು ಸುಮ್ಮನಾಯಿತು. ನಾನು ಹೊರಟು ಬಂದೆ.

ನೀನು ಇನ್ನು ಬರೆಯಬೇಡ.

ಬೆಗಾಯಿಮ್